ಗಾಳಿ ಕೊರೆದ ಅಳಗುಳಿಮಣೆ

"ಬೆಳಿಗ್ಗೆಯಿಂದ ಗಾಳಿ ಕೊರೀತಾ ಕೂತಿದೀಯಲ್ಲಮ್ಮ," ಅಂದರು ನಮ್ಮ ಭಾವ, ಇಡೀ ಮನೆಗೆ ಕೇಳುವ ಹಾಗೆ.

ಗೆಳೆಯರೇ, ಚಾಮರಾಜಪೇಟೆಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ನನ್ನದೊಂದು ಪುಟ್ಟ ಸಿಎನ್‌ಸಿ ಮಶೀನಿದೆ. ಕಂಪ್ಯೂಟರ್ ಹೇಳಿದಂತೆ ಮರ ಕೊರೆಯುತ್ತದೆ. ಇವತ್ತು ಅಜ್ಜಿ ಕಾಲದ ಹಲಸಿನ ಹಲಗೆಯಲ್ಲಿ ಅಳಗುಳಿಮಣೆ ಕೊರೆಯಲು ಹೊರಟಿದ್ದೆ. ಅಂಥ ಹಲಗೆ ಇನ್ನೊಂದು ಸಿಗುವುದಿಲ್ಲ. ಅದಕ್ಕೇ ಮೊದಲು ಕಟರನ್ನು ಮರಕ್ಕೆ ತಾಗದಷ್ಟು ಮೇಲಿಟ್ಟು, ಇಡೀ ಪ್ರೋಗ್ರಾಮನ್ನು ಒಮ್ಮೆ ಬರೀ ಗಾಳಿಯಲ್ಲಿ ಖಾಲಿ ಓಡಿಸುತ್ತೇನೆ. ಯಾರು ನಕ್ಕರೂ ಬಿಡುವುದಿಲ್ಲ.

ಭಾವ ಫ್ಯಾಕ್ಟರಿಯಲ್ಲಿ ಮ್ಯಾನೇಜರ್ ಆಗಿ ನಿವೃತ್ತರಾದವರು. "ಹಿಂಗೆ ಟೈಮ್ ವೇಸ್ಟ್ ಮಾಡೋರನ್ನ ನಾವು ಮನೆಗೆ ಕಳಿಸ್ತಿದ್ವಿ," ಅಂದರು.

"ನಾನು ಮನೇಲೇ ಇದೀನಲ್ಲ ಭಾವ," ಅಂದೆ.

ಕೊನೆಯ ಗುಳಿಯ ಸರದಿ ಬಂತು. ಕಟರ್ ನೇರವಾಗಿ, ಹಲಗೆಯನ್ನು ಬಿಗಿಹಿಡಿಯುವ ಒಂದು ಕಬ್ಬಿಣದ ಕ್ಲ್ಯಾಂಪಿನ ನೆತ್ತಿಯ ಮೇಲೆ ಹೋಗಿ ನಿಂತಿತು. ಅದು ನಾನು ಹಾಕಿದ ಕ್ಲ್ಯಾಂಪಲ್ಲ. ನಿಜವಾಗಿ ಕೊರೆಯುತ್ತಿದ್ದರೆ ಕಟರ್ ಮುರಿದು, ಹಲಗೆಯೂ ಹಾಳಾಗುತ್ತಿತ್ತು.

"ಇದನ್ನ ಯಾರು ಹಾಕಿದ್ದು?"

"ಹಲಗೆ ಅಲ್ಲಾಡೋ ಹಾಗೆ ಕಾಣ್ತು. ನೀನು ಕನ್ನಡಕ ತರೋಕೆ ಹೋದಾಗ ನಾನೇ ಬಿಗಿದೆ," ಅಂದರು ಭಾವ. "ಒಂದ್ಸಲ ಉಳೀತು ಅಂತ ದಿನಾ ಹಿಂಗೆ ಮಾಡ್ಬೇಕಾ? ಹೋಗ್ಲಿ, ಕಾಫಿ ಕೊಡು."

ಖಾಲಿ ಲೋಟ ತಂದು ಅವರ ಕೈಗಿಟ್ಟೆ.

"ಮೊದ್ಲು ಒಂದ್ಸಲ ಕುಡಿದ ಹಾಗೆ ಮಾಡಿ ಭಾವ. ಸರಿಹೋದ್ರೆ ಆಮೇಲೆ ಕಾಫಿ ಹಾಕ್ತೀನಿ."