ಒಂದು ಮಂಕರಿ ಚಿಪ್ಪು

ಹಾಲ್ಕುರಿಕೆಯ ನಮ್ಮ ಅಂಗಳದಲ್ಲಿ ಒಣಹಾಕಿದ್ದ ಕೊಬ್ಬರಿಯ ಮೇಲೆ ದಪ್ಪ ಹನಿ ಬೀಳುತ್ತಿತ್ತು. ಕೊಬ್ಬರಿ ಒಡೆಯಲು ಬಂದಿದ್ದ ಹೆಂಗಸರು ಜಗಲಿಯಿಂದ ಏಳಲೇ ಇಲ್ಲ. ಹಿಂದೆಲ್ಲ ಮೋಡ ಕವಿದರೆ ಸಾಕು, ಯಾರೂ ಹೇಳದೆಯೇ ಓಡಿ ಬಂದು ಬಾಚಿಕೊಳ್ಳುತ್ತಿದ್ದವರು ಇವರೇ. ನಾನೊಬ್ಬಳೇ ಗೋಣಿಚೀಲ ಹಿಡಿದು ಒದ್ದಾಡಿದೆ.

ನಮ್ಮ ಯಜಮಾನರು ಬಂದು ರೇಗಿದರು. "ಕಣ್ ಕಾಣಾಕಿಲ್ವೇನ್ರೇ?"

ಅವರಲ್ಲಿ ಹಿರಿಯಳಾದ ಪುಟ್ಟಮ್ಮ ಕೂತಲ್ಲಿಂದಲೇ ಅಂದಳು: "ನೀವು ಕೂಲಿ ಕೊಡೋದು ಕೊಬ್ರಿ ಒಡೆಯಾಕೆ ಅಲ್ವಾ ಗೌಡ್ರೇ?"

ಅದರ ಹಿಂದಿನ ವಾರದವರೆಗೂ ಸಂಜೆ ಮನೆಗೆ ಹೋಗುವಾಗ ಒಬ್ಬೊಬ್ಬರೂ ಒಲೆಗೆಂದು ಒಂದು ಮಂಕರಿ ಚಿಪ್ಪು ಹೊತ್ತೊಯ್ಯುತ್ತಿದ್ದರು. ಅದನ್ನು ನಿಲ್ಲಿಸಿ, ಚಿಪ್ಪನ್ನೆಲ್ಲ ಇದ್ದಿಲು ಸುಡುವವರಿಗೆ ಮಾರಿದ್ದು ನಮ್ಮ ಯಜಮಾನರೇ!

ಇವತ್ತಿಗೂ ಅವರು ಆಳುಗಳಿಗೆ ನಿಯತ್ತಿಲ್ಲ ಎನ್ನುತ್ತಾರೆ. ಆ ನಿಯತ್ತನ್ನು ಚಿಪ್ಪಿನ ಗಾಡಿಗೆ ಹೇರಿ ಕಳಿಸಿದ್ದು ಯಾರು ಎಂದು ನಾನು ಕೇಳಿದರೆ ಮಾತ್ರ, ಟವೆಲ್ ಕೊಡವಿಕೊಂಡು ತೋಟಕ್ಕೆ ಹೊರಟುಬಿಡುತ್ತಾರೆ.