ತಲೆಕಟ್ಟು

ಅವರ ಬಲಗೈಯ ಕಿರುಬೆರಳು ನೆಟ್ಟಗೆ ನಿಲ್ಲುತ್ತಿರಲಿಲ್ಲ. ಮೂವತ್ತು ವರ್ಷ ಅದನ್ನೇ ಹಲಗೆಗೆ ಊರಿ, ಉಳಿದ ಬೆರಳುಗಳಲ್ಲಿ ಬ್ರಶ್ ಹಿಡಿದು ಬರೆದದ್ದರಿಂದ ಒಳಕ್ಕೆ ಬಾಗಿಹೋಗಿತ್ತು. ಗಡಿನಾಡಿನ ಪೈವಳಿಕೆಯ ಸುತ್ತಮುತ್ತ ಅಂಗಡಿ, ಶಾಲೆಗಳ ಬೋರ್ಡನ್ನು ಮಲಯಾಳ, ಕನ್ನಡ ಎರಡರಲ್ಲೂ ಬರೆಯುತ್ತಿದ್ದ ಪೈಂಟರ್ ಅವರು. ಬದುಕಿದ್ದಾಗ ಅವರನ್ನು ನಾನು ‘ನೀನು’ ಎಂದೇ ಕರೆದವನು. ಈಗ ಬರೆಯಲು ಕೂತರೆ ಬಹುವಚನವೇ ಬರುತ್ತದೆ.

ಕನ್ನಡಕ್ಕೆ ಅವರದೊಂದು ಕ್ರಮವಿತ್ತು. ಮೊದಲು ಇಡೀ ಸಾಲಿನ ಅಕ್ಷರಗಳ ಹೊಟ್ಟೆ ಬರೆಯುವುದು. ಚಾ ಕುಡಿದು ಬಂದು ಒಂದೇ ಓಟದಲ್ಲಿ ಎಲ್ಲಕ್ಕೂ ತಲೆಕಟ್ಟು ಎಳೆಯುವುದು. “ತಲೆಕಟ್ಟು ಬಿದ್ದ ಮೇಲೆಯೇ ಅಣ್ಣ, ಅದು ಕನ್ನಡ. ಅಲ್ಲಿವರೆಗೆ ಯಾವ ಭಾಷೆ ಅಂತ ಅದಕ್ಕೇ ಗೊತ್ತಿರುವುದಿಲ್ಲ” ಎನ್ನುತ್ತಿದ್ದರು.

ಹಂದಿಜ್ವರದ ಸುದ್ದಿ ಪೇಪರಿನಲ್ಲಿ ದಿನಾ ಬರುತ್ತಿದ್ದ 2009ರ ಮಳೆಗಾಲ. ನಾನಾಗ ಹಾಲಿನ ಸೊಸೈಟಿಯ ಕಾರ್ಯದರ್ಶಿ. ಹೊಸ ಕಟ್ಟಡದ ಉದ್ಘಾಟನೆಗೆ ಎರಡೇ ದಿನ ಉಳಿದಿತ್ತು. ಶೀತ, ಜ್ವರವೆಂದು ಮೂರು ದಿನದಿಂದ ಮಲಗಿದ್ದವರನ್ನು ನಾನೇ ಹೋಗಿ ಎಬ್ಬಿಸಿ ತಂದೆ. ಕೆಮ್ಮುತ್ತಲೇ ಬರೆದರು. ಮಧ್ಯಾಹ್ನ ನೋಡುತ್ತೇನೆ, ತಲೆಕಟ್ಟೇ ಇಲ್ಲದ ಮಲಯಾಳದ ಮೇಲಿನ ಸಾಲಿಗೆ ತಲೆಕಟ್ಟು ಹಾಕಿದ್ದಾರೆ, ಒಂದೊಂದು ಅಕ್ಷರಕ್ಕೂ, ಬಹಳ ಚಂದ ಮಾಡಿ. ಕೆಳಗಿನ ಕನ್ನಡ ಬೋಳಾಗಿಯೇ ಇತ್ತು.

ಹಾಲು ತಂದವರೆಲ್ಲ ನಕ್ಕರು.

“ಎಂತ ಮಾರಾಯ, ಮಲಯಾಳಕ್ಕೂ ಜುಟ್ಟು ಕಟ್ಟಿದ್ದೀಯಾ?” ಎಂದೆ.

“ಎಲ್ಲಿ ಅಣ್ಣ?” ಹಲಗೆಯನ್ನೇ ನೋಡಿದರು. ತಪ್ಪು ಅವರಿಗೆ ಕಾಣಲಿಲ್ಲ. ಹಣೆ ಒತ್ತಿಕೊಂಡು, “ಶೀತ ತಲೆಗೆ ಏರಿದೆ” ಎಂದರು.

“ಏರಿದ್ದು ಶೀತವೋ, ಬೇರೆಯೋ?”

ಅವರು ಕುಡಿತ ಬಿಟ್ಟು ಒಂಬತ್ತು ವರ್ಷವಾಗಿತ್ತು. ನನಗದು ಗೊತ್ತಿತ್ತು. ಜನ ನಗಲಿ ಎಂದು ಆಡಿದ ಮಾತು. ಆದರೆ ಅವರು ತೊದಲುತ್ತ, ಗೋಡೆ ಹಿಡಿದು ಮನೆಗೆ ಹೊರಟಾಗ ನನ್ನ ಮಾತನ್ನು ನಾನೇ ನಂಬಿಬಿಟ್ಟೆ. ಸಂಜೆ ಅವರ ಹೆಂಡತಿ, ಆಸ್ಪತ್ರೆಗೆ ಸೊಸೈಟಿಯ ಜೀಪು ಸಿಗಬಹುದೇ ಎಂದು ಕೇಳಲು ಬಂದಳು.

“ಎಂತದೂ ಇಲ್ಲ, ಹಳೆಯದು ಪುನಃ ಶುರುವಾಗಿದೆ. ಮಲಗಿಸು, ಇಳಿಯುತ್ತದೆ” ಎಂದೆ.

ಆಕೆ ತಲೆ ತಗ್ಗಿಸಿ ಹೋದಳು. ಗಂಡನಿಗೆ ಬೈದು ಮಲಗಿಸಿದಳಂತೆ.

ಬೆಳಿಗ್ಗೆ ಅಪಸ್ಮಾರ ಬಂತು. ಮಂಗಳೂರಿಗೆ ಒಯ್ದಾಗ ಡಾಕ್ಟ್ರು, ಅದೇ ಹಂದಿಜ್ವರದ ವೈರಸ್ಸಿನಿಂದ ಮೆದುಳು ಬಾತಿದೆ, ತೊದಲಿದ್ದು, ಅಕ್ಷರ ತಪ್ಪಿದ್ದು ಎಲ್ಲ ಅದರ ಸೂಚನೆಯೇ, ನಿನ್ನೆಯೇ ತಂದಿದ್ದರೆ ನೋಡಬಹುದಿತ್ತು ಎಂದರು. ಮೂಗು, ಎದೆಯ ಶೀತ ಮೆದುಳಿನವರೆಗೆ ಹೋಗುತ್ತದೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅವರೊಬ್ಬರೇ ಹೇಳಿದ್ದರು, ಶೀತ ತಲೆಗೆ ಏರಿದೆ ಎಂದು.

ಆರನೆಯ ದಿನ ತೀರಿಕೊಂಡರು.

ಬೋರ್ಡಿನ ಮೇಲೆ ಬಣ್ಣ ಬಳಿಸಿ, ಬೇರೆಯವರಿಂದ ಬರೆಸಿದೆ. ಎರಡು ಮಳೆ ಕಳೆದು ಬಣ್ಣ ತೆಳುವಾದಾಗ, ಮಲಯಾಳದ ನೆತ್ತಿಯ ಮೇಲೆ ಆ ತಲೆಕಟ್ಟುಗಳು ಮೂಡಿದವು. ಮತ್ತೆ ಬಳಿಸಿದೆ. ಮತ್ತೆ ಮೂಡಿದವು.

ಉತ್ತರಕ್ರಿಯೆಯ ಬೊಜ್ಜದ ದಿನ ಆಕೆ ನನ್ನನ್ನು ಒಂದೇ ಮಾತು ಕೇಳಿದ್ದಳು: “ಅವರು ಅವತ್ತು ನಿಜವಾಗಿ ಕುಡಿದಿದ್ದರಾ?” ನಾನು, “ಗೊತ್ತಿಲ್ಲಮ್ಮ” ಎಂದೆ. ಹತ್ತು ವರ್ಷವಾಯಿತು. ಬೈದು ಮಲಗಿಸಿದ್ದನ್ನು ನೆನೆದು ಆಕೆ ಈಗಲೂ ಅಳುತ್ತಾಳೆಂದು ಕೇಳಿದ್ದೇನೆ.

ಆಕೆಗೆ ಓದಲು ಬರುವುದು ಕನ್ನಡ ಮಾತ್ರ. ಅದಕ್ಕಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇಲ್ಲಮ್ಮ, ಅವರು ಕುಡಿದಿರಲಿಲ್ಲ.