ನಮ್ಮ ಮನೆಯ ಕಾರಿನ ಜಾತಕ

ಈವತ್ತು ಆಯುಧಪೂಜೆ. ಬೆಳಿಗ್ಗೆ ನಿಂಬೆಹಣ್ಣಿನ ಬುಟ್ಟಿ ಹಿಡಿದುಕೊಂಡು ಅಂಗಳಕ್ಕೆ ಕಾಲಿಟ್ಟೆ, ಅಷ್ಟೆ. "ಟೈರ್ ಕೆಳಗೆ ನಾಲ್ಕು ಇಡು. ಮಿಕ್ಕಿದ್ದು ಒಳಗೆ ತಗೊಂಡ್ಹೋಗು. ಬಾನೆಟ್ ಹತ್ರ ಮಾತ್ರ ಬರಬೇಡ" ಎಂದು ನಮ್ಮ ಯಜಮಾನರ ಅಪ್ಪಣೆಯಾಯಿತು. ಬೇರೆಯವರ ಮನೆಯಲ್ಲಿ ಮಡಿ ಇರುವುದು ದೇವರ ಕೋಣೆಗೆ, ನಮ್ಮಲ್ಲಿ ಕಾರಿಗೆ. ಹುಣಸೆಹಣ್ಣಿಗೂ ಇದೇ ನಿಷೇಧ. ನೀವು ನಗಬಹುದು. ಮತ್ತಿಕೆರೆಯ ಈ ಮನೆಯಲ್ಲಿ ನನ್ನ ಜೊತೆ ಒಂದು ವಾರ ಇದ್ದು ನೋಡಿ, ಆಮೇಲೂ ನಗು ಬಂದರೆ ಹೇಳಿ.

ಕಾರು ನಮ್ಮ ಮಾವನವರದು. ನಮ್ಮವರಿಗಿಂತ ವಯಸ್ಸಿನಲ್ಲಿ ಹಿರಿಯದು, ಹಟದಲ್ಲಿ ಸರಿಸಮ. ಮಾವ ತೀರಿಕೊಂಡ ಮೇಲೆ ಬಹಳ ಕಾಲ ಟಾರ್ಪಾಲಿನ ಕೆಳಗೆ ನೆಮ್ಮದಿಯಾಗಿ ಮಲಗಿತ್ತು. ನಮ್ಮವರು ಕೆಲಸದಿಂದ ನಿವೃತ್ತರಾದರು, ಟಾರ್ಪಾಲು ಎದ್ದಿತು. ಹೆಬ್ಬಾಳದ ಕಡೆ ಹಳೆ ಕಾರಿನವರ ಸಂಘವೊಂದಿದೆ. ಕಾರು ಕಾರ್ಖಾನೆಯಿಂದ ಹೇಗೆ ಹೊರಬಂದಿತ್ತೋ ಹಾಗೆಯೇ ಇದ್ದರೆ ಅವರು 'ಅಸಲಿ' ಎಂದು ಪ್ರಮಾಣಪತ್ರ ಕೊಡುತ್ತಾರೆ. ಅದು ಬೇಕೇ ಬೇಕೆಂದು ಇವರು ಹಟ ಹಿಡಿದರು. ಅಸಲಿ ಹೇಗಿತ್ತು ಎನ್ನುವುದಕ್ಕೆ ಕಾರ್ಖಾನೆಯ ಕಾರ್ಡು ಸಾಕ್ಷಿಯಾಗಬೇಕು. ನನ್ನ ಗ್ರಹಚಾರ ಶುರುವಾದದ್ದು ಅಲ್ಲಿಂದ.

ಆ ಕಾಲದಲ್ಲಿ ಪ್ರತಿ ಕಾರು ತಯಾರಾಗುವಾಗಲೂ ಅದರ ಜೊತೆಗೊಂದು ಕಾರ್ಡು ಕೆಲಸಗಾರರ ಕೈಯಿಂದ ಕೈಗೆ ಹೋಗುತ್ತಿತ್ತಂತೆ. ಯಾವ ಬಣ್ಣ, ಯಾವ ಸೀಟಿನ ಬಟ್ಟೆ, ಏನುಂಟು, ಏನಿಲ್ಲ, ಎಲ್ಲ ಅದರಲ್ಲಿ. ಕಾರ್ಖಾನೆ ಮುಚ್ಚಿದ ಮೇಲೆ ಅಂಥ ಕಾರ್ಡುಗಳ ಮೂಟೆಗಳನ್ನು ಗುಜರಿಯಿಂದ ಕೊಂಡು ಜೋಪಾನ ಮಾಡಿದ ಪುಣ್ಯಾತ್ಮರೊಬ್ಬರು ಪುಣೆಯಲ್ಲಿದ್ದಾರೆ. ಫೋನಿನಲ್ಲಿ ಅವರು ಕೇಳಿದ್ದು ಇಷ್ಟೇ: ಬಾಡಿ ನಂಬರ್ ಹೇಳಿ, ಹುಡುಕಿಕೊಡುತ್ತೇನೆ. ಬಾನೆಟ್ ಎತ್ತಿದರೆ ಎಂಜಿನ್ನಿನ ಹಿಂದೆ ಅಂಗೈಯಗಲದ ಅಲ್ಯೂಮಿನಿಯಂ ತಗಡೊಂದಿದೆ, ಆ ನಂಬರು ಇರುವುದು ಅದರ ಮೇಲೆ. ನಮ್ಮವರು ಟಾರ್ಚು ಬಿಟ್ಟು ನೋಡಿದರು. ತಗಡು ಫಳಫಳ ಹೊಳೆಯುತ್ತಿತ್ತು, ನಂಬರು ಮಾತ್ರ ಇರಲಿಲ್ಲ.

ಇದರ ಹಿಂದೆ ನಮ್ಮ ಅತ್ತೆಯ ಭಕ್ತಿ ಇದೆ. ಕಾರು ಮನೆಗೆ ಬಂದ ಹೊಸದರಲ್ಲಿ ಮಾವ ಆ ತಗಡನ್ನು ತೋರಿಸಿ, "ಇದು ಗಾಡಿ ಜಾತಕ ಕಣೇ, ಪೂಜೆ ಮಾಡೋದಾದ್ರೆ ಇದಕ್ಕೆ ಮಾಡ್ಬೇಕು" ಎಂದಿದ್ದರಂತೆ. ತಮಾಷೆಗೆ ಹೇಳಿದರೋ ನಿಜಕ್ಕೆ ಹೇಳಿದರೋ, ಅತ್ತೆ ಅದನ್ನು ವೇದವಾಕ್ಯ ಮಾಡಿಕೊಂಡರು. ಪ್ರತಿ ಆಯುಧಪೂಜೆಗೂ ದೇವರ ದೀಪಗಳನ್ನು ಬೆಳಗಿದಂತೆ ಹುಣಸೆಹಣ್ಣು, ನಿಂಬೆಹೋಳು ಹಾಕಿ ಅದನ್ನು ಉಜ್ಜಿ, ಆಮೇಲೆ ಅರಿಶಿನ ಕುಂಕುಮ ಇಡುತ್ತಿದ್ದರು. ಸೊಸೆಯಾಗಿ ಬಂದ ಮೇಲೆ ನೀರು ಹಾಕಿದವಳು ನಾನೇ.

"ಏನಮ್ಮ ಇದು, ನಂಬರೇ ಅಳಿಸಿಬಿಟ್ಟಿದ್ದೀಯಲ್ಲ" ಎಂದು ನಮ್ಮವರು ತಲೆ ಮೇಲೆ ಕೈ ಹೊತ್ತು ಕೂತರು.

"ಮತ್ತೇನು, ಹಬ್ಬದ ದಿನ ಕೊಳೆ ಹಿಡ್ಕೊಂಡಿರ್ಬೇಕಿತ್ತಾ?" ಎಂದರು ಅತ್ತೆ.

ಅಲ್ಲಿಂದ ಮುಂದಿನ ತಿಂಗಳುಗಳನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ. ಅಳಿಸಿದ ನಂಬರು ಮೂಡೀತೆಂದು ನಮ್ಮವರು ತಗಡಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿದರು. ನನ್ನ ಮೈದಾಹಿಟ್ಟು ಒಯ್ದು ಬಳಿದು ಊದಿದರು. ಕೊನೆಗೆ ಕೈಹಿಡಿದದ್ದು ಹಳೆಯ ಕೀಲಿಕೈ. ಅದರ ಮೇಲೆ ಕೊರೆದಿದ್ದ ನಂಬರು ಕಾರ್ಡಿನಲ್ಲೂ ಇರುತ್ತದಂತೆ. ಪುಣೆಯವರು ಅದನ್ನೇ ಹಿಡಿದು ಮೂಟೆಗಳನ್ನು ಜಾಲಾಡಿ ಕಾರ್ಡಿನ ಫೋಟೋ ಕಳಿಸಿದರು. ಸದ್ಯ, ಮುಗಿಯಿತು ಎಂದುಕೊಂಡೆ. ಎಲ್ಲಿಂದ ಮುಗಿಯಬೇಕು? ಕಾರ್ಡಿನ ತುಂಬ ಎರಡೆರಡು ಅಕ್ಷರದ ಸಂಕೇತಗಳು. ತಟ್ಟೆಗೆ ಅನ್ನ ಬಡಿಸಿದರೆ ಇವರು ಭೂತಗನ್ನಡಿ ಹಿಡಿದು, "ಇದು ಬೂದು ಬಣ್ಣ ಇರ್ಬೇಕು ಅಲ್ವಾ?" ಎನ್ನುವರು. ಹೌದು ಎಂದರೆ ಆಧಾರ ಕೇಳುವರು, ಗೊತ್ತಿಲ್ಲ ಎಂದರೆ ಆಸಕ್ತಿ ಇಲ್ಲ ಎನ್ನುವರು. ಸಾರು ಆರುತ್ತಿತ್ತು. ಸಾರು ಆರಿದರೆ ಬಿಸಿ ಮಾಡುವವಳು ನಾನು.

ಅರ್ಥವಾದ ಮೇಲೆ ಇನ್ನೂ ಕಷ್ಟವಾಯಿತು. ಕಾರ್ಡಿನಲ್ಲಿ ಇಲ್ಲದ್ದು ಕಾರಿನಲ್ಲಿ ಇರಕೂಡದು ಎಂದು ಒಂದೊಂದನ್ನೇ ಬಿಚ್ಚತೊಡಗಿದರು. ಕಿಟಕಿಯ ಪರದೆ, ಪುಟ್ಟ ಫ್ಯಾನು, ಗಾಜಿನ ಮೇಲಿನ ಹಸಿರು ಬಿಸಿಲುಪಟ್ಟಿ, ಎಲ್ಲ ಹೋದವು. ಮುಂದಿನ ಬಾಗಿಲಿಗೂ ಹಿಂದಿನ ಬಾಗಿಲಿಗೂ ನಡುವಿನ ಕಂಬಕ್ಕೆ ಒಂದು ಹಿಡಿಕೆ ಇತ್ತು. ನೀರಿನ ಪೈಪನ್ನು ಬಗ್ಗಿಸಿ ಮಾಡಿದ್ದು, ನೋಡಲು ಚೆನ್ನಾಗೇನೂ ಇರಲಿಲ್ಲ. ಅತ್ತೆ ಅದನ್ನು ಹಿಡಿದೇ ಕಾರು ಹತ್ತುತ್ತಿದ್ದರು. ಅದನ್ನೂ ಬಿಚ್ಚಿಸಿ, ತೂತುಗಳನ್ನು ಬೆಸೆದು ಮುಚ್ಚಿಸಿ, ಮೇಲೆ ಬೂದು ಬಣ್ಣ ಹೊಡೆಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಪ್ರಮಾಣಪತ್ರ ಬೇಕಾದದ್ದು ಮಗನಿಗೆ, ಹಿಡಿಕೆ ಹೋದದ್ದು ತಾಯಿಗೆ.

ಮರುವಾರ ಬಾಗಲಗುಂಟೆಯಲ್ಲಿ ನಂಟರ ಮದುವೆ. ಅತ್ತೆ ರೇಷ್ಮೆಸೀರೆ ಉಟ್ಟು ಕಾರಿನ ಹತ್ತಿರ ಬಂದರು, ಬರಿದಾದ ಕಂಬವನ್ನು ನೋಡಿದರು. "ನೀನು ನಡೆಯಪ್ಪ, ನಾನು ಆಟೋದಲ್ಲಿ ಬರ್ತೀನಿ" ಎಂದರು. ಕೈ ಹಿಡಿದು ಹತ್ತಿಸುತ್ತೇನೆಂದು ಮಗ ಹೇಳಿದರೂ ಕೇಳಲಿಲ್ಲ. ಮುಂದೆ ನಮ್ಮದೇ ಕಾರು ಖಾಲಿ ಸೀಟು ಹೊತ್ತು ಹೋಗುತ್ತಿತ್ತು, ಹಿಂದೆ ಅದರ ಹೊಗೆ ಕುಡಿಯುತ್ತ ಆಟೋದಲ್ಲಿ ನಾನು ಮತ್ತು ಅತ್ತೆ. ಯಶವಂತಪುರದ ಸಿಗ್ನಲ್ಲಿನಲ್ಲಿ ನನಗೆ ತಡೆಯಲಾಗಲಿಲ್ಲ.

"ನೀವು ಒಂದು ಮಾತು ಬೈಬಾರದಾ ಅತ್ತೆ ಅವರನ್ನ?"

"ಯಾಕೆ ಬೈಯಲಿ? ಅವನ ಗಾಡಿ." ಸಿಗ್ನಲ್ ಬಿಟ್ಟ ಮೇಲೆ ಹೇಳಿದರು: "ಇವನು ಹೊಟ್ಟೇಲಿದ್ದಾಗ ಕಾಲೆಲ್ಲ ಊದ್ಕೊಂಡು ಹತ್ತಕ್ಕೇ ಆಗ್ತಿರ್ಲಿಲ್ಲ ಕಣೇ. ಬಾಯಿಬಿಟ್ಟು ಹೇಳಿರ್ಲಿಲ್ಲ ನಾನು. ನಿಮ್ಮಾವ ನೋಡಿ ಅದನ್ನ ಹಾಕ್ಸಿದ್ರು. ಅವನಿಗೆ ಹೇಳ್ಬೇಡ, ಬೇಜಾರು ಮಾಡ್ಕೋತಾನೆ."

ಹೇಳದೆ ಇರುತ್ತೇನೆಯೇ? ಮದುವೆ ಮನೆಯಿಂದ ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿದೆ, ತಿಂಗಳುಗಟ್ಟಲೆ ಕೂಡಿಟ್ಟ ಸಿಟ್ಟನ್ನೂ ಸೇರಿಸಿ. ನಮ್ಮವರು ಕಾರ್ಡಿನ ಫೋಟೋ ತೆರೆದು ನೋಡುತ್ತಾ ಕೂತರು. ಬಹಳ ಹೊತ್ತಿನ ಮೇಲೆ, "ಹಾಗಾದ್ರೆ ಇದರಲ್ಲಿ ಇಲ್ದೆ ಇರೋದೆಲ್ಲ ಅಪ್ಪ ಹಾಕ್ಸಿದ್ದು" ಎಂದರು. ನನಗೆ ಆ ಮಾತು ಹೊಳೆದಿರಲಿಲ್ಲ. ಕಾರ್ಡಿನ ಮೇಲಿನ ನನ್ನ ಸಿಟ್ಟು ಅವತ್ತು ಅರ್ಧ ಇಳಿಯಿತು.

ಇನ್ನರ್ಧ ಇಳಿಯಲು ಅವರು ಬಿಡಲಿಲ್ಲ. ಈಗ ದಿನಾ ಅತ್ತೆಯ ವಿಚಾರಣೆ. ಫ್ಯಾನು ಯಾವ ಬೇಸಿಗೆಯಲ್ಲಿ ಬಂತು, ಪರದೆಯ ಬಟ್ಟೆ ಯಾರು ಆರಿಸಿದ್ದು, ಅಪ್ಪ ಏನಂದರು. ಬಿಚ್ಚಿಟ್ಟದ್ದನ್ನೆಲ್ಲ ಹುಡುಕಿ ಹುಡುಕಿ ಮತ್ತೆ ಹಾಕುವ ಸಂಭ್ರಮ. ಸಂಘದವರೊಬ್ಬರು ಬಂದು ನೋಡಿ, ಹೀಗಾದರೆ ಪ್ರಮಾಣಪತ್ರ ಸಿಗುವುದಿಲ್ಲ ಸಾರ್ ಎಂದರು. "ಗೊತ್ತು, ಕಾಫಿ ತಗೊಳ್ಳಿ" ಎಂದರು ಇವರು. ಕಾಫಿ ಮಾಡಿದ್ದು ಯಾರು ಎಂದು ನೀವು ಕೇಳುವುದು ಬೇಡ.

ಕಡೆಗೆ ಉಳಿದದ್ದು ಹಿಡಿಕೆ. ತೂತು ಮುಚ್ಚಿಹೋಗಿತ್ತು, ಗುರುತೂ ಇರಲಿಲ್ಲ. ಅಂದಾಜಿನ ಮೇಲೆ ನಿನ್ನೆ ಕೂರಿಸಿದರು. ಈವತ್ತು ಪೂಜೆ ಮುಗಿದು ಒಂದು ಸುತ್ತು ಹೋಗಿಬರೋಣವೆಂದು ಅತ್ತೆಯನ್ನು ಕರೆದರು. ಅತ್ತೆ ಬಂದರು. ಸೆರಗು ಸಿಕ್ಕಿಸಿಕೊಂಡು, ನಮ್ಮ ಕಡೆ ಏನೋ ಮಾತಾಡುತ್ತಲೇ, ನೋಡದೆ ಕೈ ಚಾಚಿದರು. ಕೈ ಹಿಡಿಕೆಗಿಂತ ಒಂದು ಗೇಣು ಮೇಲೆ ಹೋಗಿ ಬರೀ ಕಂಬವನ್ನು ಹಿಡಿಯಿತು.

"ಇಲ್ಲಿದ್ಯಾ ಈಗ" ಎಂದು ಅತ್ತೆ ಕೈ ಕೆಳಕ್ಕೆ ತರಲು ಹೋದರು.

"ಅಮ್ಮ, ತೆಗೀಬೇಡ, ಕೈ ಹಾಗೇ ಇಟ್ಕೊಂಡಿರು" ಎಂದರು ನಮ್ಮವರು. ಜೇಬಿನಿಂದ ಪೆನ್ಸಿಲ್ ತೆಗೆದು, ಹೊಸ ಬೂದು ಬಣ್ಣದ ಮೇಲೆ ಅತ್ತೆಯ ಮುಷ್ಟಿಯ ಮೇಲೊಂದು ಕೆಳಗೊಂದು ಗೆರೆ ಎಳೆದರು. ಆಮೇಲೆ ಸ್ಪಾನರ್ ತರಲು ಒಳಗೆ ಹೋದರು. ಹೊತ್ತು ಮೀರಿತ್ತು, ಬಿಸಿಲು ಏರಿತ್ತು, ಒಲೆಯ ಮೇಲೆ ಪಾಯಸ ಇತ್ತು. ನಾನು ಒಂದು ಕುರ್ಚಿ ತಂದು ಅತ್ತೆಗೆ ಹಾಕಿದೆ, ನನಗೂ ಒಂದು ತಂದುಕೊಂಡೆ.